ಯಾರೂ ಓದದ ಪುಟಗಳು

ಕಳೆದ ತಿಂಗಳು ಭಾನುವಾರದ ಬಲಿಪೂಜೆ ಮುಗಿಸಿ ದೇವಾಲಯದ ಅಂಗಳದಲ್ಲಿ ನಿಂತಿದ್ದಾಗ ಕಾಲೇಜಿಗೆ ಹೋಗುವ ಹುಡುಗಿಯೊಬ್ಬಳು ನನ್ನ ಬಳಿಗೆ ಬಂದಳು. ನಮ್ಮ ಧರ್ಮಕೇಂದ್ರದ ಯುವಜನರು ನಡೆಸುವ ಗೋಡೆಪತ್ರಿಕೆಗೆ ಆಗಾಗ ಬರೆಯುವವಳು ಆಕೆ. "ಸರ್, ಚೆನ್ನಾಗಿ ಬರೆಯುವುದನ್ನು ಕಲಿಯಬೇಕಾದರೆ ಏನು ಮಾಡಬೇಕು?" ಎಂದು ಕೇಳಿದಳು. ಮೂವತ್ತೆರಡು ವರ್ಷ ಪ್ರೌಢಶಾಲೆಯಲ್ಲಿ ಕನ್ನಡ ಕಲಿಸಿದ ನನಗೆ ಈ ಪ್ರಶ್ನೆ ಹೊಸದಲ್ಲ. "ಒಂದು ನೋಟುಪುಸ್ತಕ ಇಟ್ಟುಕೊಳ್ಳಮ್ಮ. ದಿನಕ್ಕೆ ಅರ್ಧ ಪುಟವಾದರೂ ಬರೆ. ಆದರೆ ಅದನ್ನು ಯಾರಿಗೂ ತೋರಿಸಬೇಡ" ಎಂದೆ. ಅವಳ ಮುಖ ಸಪ್ಪಗಾಯಿತು. "ಯಾರೂ ಓದದ ಮೇಲೆ ಬರೆದು ಏನು ಪ್ರಯೋಜನ ಸರ್?" ಎಂದಳು. ಅಷ್ಟರಲ್ಲಿ ಅವಳ ಮನೆಯವರು ಕರೆದರು, ಅವಳು ಹೊರಟುಹೋದಳು.

ಅವಳು ಇನ್ನೂ ಸ್ವಲ್ಪ ಹೊತ್ತು ನಿಂತಿದ್ದರೂ ಅಂಗಳದಲ್ಲಿ ನಿಂತು ಎರಡು ಮಾತಿನಲ್ಲಿ ಹೇಳಿ ಮುಗಿಸುವಂಥ ಉತ್ತರ ನನ್ನಲ್ಲಿರಲಿಲ್ಲ. ಆ ಉತ್ತರವನ್ನು ಕಲಿಯಲು ನನಗೇ ಹಲವು ವರ್ಷಗಳು ಬೇಕಾದವು. ಅದನ್ನು ಇಲ್ಲಿ ಬರೆಯಲು ಪ್ರಯತ್ನಿಸುತ್ತೇನೆ. ಇದರಲ್ಲಿ ನನ್ನ ಮನೆಯ ಸಂಗತಿಗಳೂ ಬರುತ್ತವೆ. ನನ್ನ ತಮ್ಮನ ಒಪ್ಪಿಗೆ ಪಡೆದ ಮೇಲೆಯೇ ಲೇಖನಿ ಹಿಡಿದಿದ್ದೇನೆ.

ಒಂದು ಕಾಲದಲ್ಲಿ ನಮ್ಮ ಧರ್ಮಕೇಂದ್ರದಲ್ಲಿ ನಾನು ಬರಹಗಾರನೆಂದು ಹೆಸರಾಗಿದ್ದೆ. ಗುರುಗಳಿಗೆ ವರ್ಗವಾದರೆ ಬೀಳ್ಕೊಡುಗೆಯ ಬಿನ್ನವತ್ತಳೆ, ವಾರ್ಷಿಕ ಹಬ್ಬಕ್ಕೆ ಸ್ವಾಗತ ಭಾಷಣ, ಕನ್ಯಾಸ್ತ್ರೀಯರ ಬೆಳ್ಳಿಹಬ್ಬಕ್ಕೆ ಅಭಿನಂದನೆ, ಯಾರಾದರೂ ತೀರಿಕೊಂಡರೆ ಶ್ರದ್ಧಾಂಜಲಿ, ಎಲ್ಲಕ್ಕೂ ನನ್ನನ್ನೇ ಕರೆಯುತ್ತಿದ್ದರು. ನಾನು ಒಂದು ಗಂಟೆಯಲ್ಲಿ ಬರೆದು ಕೊಡುತ್ತಿದ್ದೆ. ಏಕೆಂದರೆ ನನ್ನಲ್ಲಿ ಮಾತುಗಳು ಮೊದಲೇ ಸಿದ್ಧವಾಗಿರುತ್ತಿದ್ದವು. ಸರಳತೆಯ ಸಾಕಾರಮೂರ್ತಿ, ತ್ಯಾಗದ ಪ್ರತಿರೂಪ, ಮರೆಯಲಾಗದ ಮಾಣಿಕ್ಯ, ತುಂಬಲಾರದ ನಷ್ಟ ಎಂಬ ಮಾತುಗಳನ್ನು ಅತ್ತಿತ್ತ ಜೋಡಿಸಿ ಹೆಸರೊಂದನ್ನು ಬದಲಾಯಿಸಿದರೆ ಕೆಲಸ ಮುಗಿಯಿತು. ಕೇಳಿದವರು ಚಪ್ಪಾಳೆ ತಟ್ಟುತ್ತಿದ್ದರು. ಇದೇ ಬರವಣಿಗೆಯೆಂದು ನಾನೂ ನಂಬಿದ್ದೆ.

1998ರ ಜುಲೈಯಲ್ಲಿ ನನ್ನ ತಂದೆ ತೀರಿಕೊಂಡರು. ಚಿಕ್ಕಮಗಳೂರು ಜಿಲ್ಲೆಯ ಕಾಫಿ ತೋಟವೊಂದರಲ್ಲಿ ಅವರು ಬಹುಕಾಲ ರೈಟರಾಗಿದ್ದವರು. ಮಲೆನಾಡಿನವರಿಗೆ ಈ ಕೆಲಸದ ಪರಿಚಯವಿದೆ. ಬೆಳಿಗ್ಗೆ ಕೆಲಸಕ್ಕೆ ಬಂದ ಆಳುಗಳ ಹಾಜರಿಯನ್ನು ಚೆಕ್‌ರೋಲಿನಲ್ಲಿ ಬರೆಯುವುದು, ಯಾವ ತೋಟದಲ್ಲಿ ಏನು ಕೆಲಸ ನಡೆಯಿತೆಂಬುದನ್ನು ಗುರುತುಹಾಕುವುದು, ಮಳೆಮಾಪಕದಲ್ಲಿ ಬಿದ್ದ ನೀರನ್ನು ದಿನವೂ ಅದೇ ಹೊತ್ತಿಗೆ ಅಳೆದು ದಾಖಲಿಸುವುದು ರೈಟರ ಕೆಲಸ. ಅಪ್ಪ ಕಡಿಮೆ ಮಾತಿನ ಮನುಷ್ಯ. ಸಿಟ್ಟು ಜಾಸ್ತಿ. ಮಕ್ಕಳನ್ನು ಎತ್ತಿ ಆಡಿಸಿದವರಲ್ಲ. ಕೊನೆಯ ಎಂಟು ತಿಂಗಳು ಪಾರ್ಶ್ವವಾಯುವಿನಿಂದ ಬಲಗಾಲನ್ನು ಎಳೆಯುತ್ತಾ ಮನೆಯೊಳಗೇ ಓಡಾಡಿಕೊಂಡಿದ್ದು ತೀರಿಹೋದರು.

ಆ ವರ್ಷದ ವಾರ್ಷಿಕ ಹಬ್ಬಕ್ಕೆ ಧರ್ಮಕೇಂದ್ರದಿಂದ ಒಂದು ಸ್ಮರಣ ಸಂಚಿಕೆ ಹೊರಬರುವುದಿತ್ತು. "ನಿಮ್ಮ ತಂದೆಯವರ ಬಗ್ಗೆ ನೀವೇ ಎರಡು ಪುಟ ಬರೆದುಕೊಡಿ ಮಾಸ್ತರೇ" ಎಂದರು ಗುರುಗಳು. ನಾನು ಎಂದಿನಂತೆ ಒಂದು ಗಂಟೆಯಲ್ಲಿ ಬರೆದೆ. ಅಚ್ಚಾಗಿ ಬಂದ ಮೇಲೆ ಅಮ್ಮನ ಕೈಗಿತ್ತೆ. ಅಮ್ಮ ನಾಲ್ಕನೆಯ ತರಗತಿಯವರೆಗೆ ಮಾತ್ರ ಓದಿದ್ದವಳು. ಕನ್ನಡಕ ಹಾಕಿಕೊಂಡು, ಅಕ್ಷರಗಳ ಮೇಲೆ ಬೆರಳಿಟ್ಟು, ತುಟಿ ಅಲುಗಿಸುತ್ತಾ ಎರಡೂ ಪುಟಗಳನ್ನು ಓದಿದಳು. ಮುಗಿಸಿದ ಮೇಲೆ ಪುಸ್ತಕವನ್ನು ಮಡಿಚಿ, ಯಾವ ವ್ಯಂಗ್ಯವೂ ಇಲ್ಲದೆ, ತಿಳಿಯದೆ ಕೇಳುವವರ ಹಾಗೆ ಕೇಳಿದಳು: "ಇದು ಯಾರ ಬಗ್ಗೆ ಬರೆದದ್ದು ಮಗಾ?"

ನನಗೆ ಮಾತು ಹೊರಡಲಿಲ್ಲ.

ಅಂದು ರಾತ್ರಿ ಅಮ್ಮ ಅಟ್ಟದಿಂದ ಒಂದು ಹಳೆಯ ಟ್ರಂಕನ್ನು ಇಳಿಸಲು ಹೇಳಿದಳು. ಅದರ ತುಂಬ ಅಪ್ಪನ ಸಣ್ಣ ಡೈರಿಗಳು. ತೋಟದ ಲೆಕ್ಕವನ್ನು ತೋಟದ ಪುಸ್ತಕದಲ್ಲಿ ಬರೆದ ಮೇಲೆ, ಮನೆಗೆ ಬಂದು ಅದನ್ನೇ ತಮ್ಮ ಡೈರಿಯಲ್ಲಿ ಒಂದು ಸಾಲಿನಲ್ಲಿ ಬರೆದಿಡುವುದು ಅವರ ರೂಢಿಯಾಗಿತ್ತು. ಯಾರೂ ಕೇಳಿದ್ದಲ್ಲ, ಯಾರಿಗೂ ತೋರಿಸಿದ್ದಲ್ಲ. "ಮಳೆ 1-40. ಆಳು 46. ಕೆಳಗಿನ ತೋಟ ಕಳೆ." ಒಂದು ಇಂಚು ನಲವತ್ತು ಸೆಂಟ್ ಮಳೆ ಎಂದರ್ಥ, ಇಂಚಿನ ನೂರನೆಯ ಒಂದು ಭಾಗಕ್ಕೆ ತೋಟದವರು ಸೆಂಟ್ ಎನ್ನುತ್ತಾರೆ. ಪುಟದ ಮೇಲೆ ಪುಟ, ವರ್ಷದ ಮೇಲೆ ವರ್ಷ, ಇಷ್ಟೇ.

ನಾನು ಬೇಸರದಿಂದ ಹಾಳೆ ತಿರುವುತ್ತಿದ್ದೆ. ಅಮ್ಮ ಒಂದು ವರ್ಷದ ಡೈರಿಯನ್ನು ಹುಡುಕಿ ತೆಗೆದು ಜುಲೈ ತಿಂಗಳ ಒಂದು ಪುಟವನ್ನು ನನ್ನ ಮುಂದಿಟ್ಟಳು. ನನಗೂ ತಮ್ಮನಿಗೂ ನಡುವೆ ಹುಟ್ಟಿ ಒಂಬತ್ತು ತಿಂಗಳಿಗೇ ಜ್ವರದಿಂದ ತೀರಿಕೊಂಡ ತಂಗಿಯೊಬ್ಬಳಿದ್ದಳು. ಆ ದಿನದ ಸಾಲು ಹೀಗಿತ್ತು: "ಆಳು 38. ಮಗು ಹೋಯಿತು." ಮಳೆಯ ಲೆಕ್ಕವೇ ಇಲ್ಲ. ಮಲೆನಾಡಿನ ಜುಲೈ ತಿಂಗಳಲ್ಲಿ ಮಳೆಯ ಲೆಕ್ಕವಿಲ್ಲದ ದಿನ! ಆ ಟ್ರಂಕಿನ ಉಳಿದ ಡೈರಿಗಳನ್ನು ನಾನು ಮುಂದಿನ ದಿನಗಳಲ್ಲಿ ಒಂದೊಂದಾಗಿ ನೋಡಿದೆ. ಮಳೆಗಾಲದಲ್ಲಿ ಅಪ್ಪ ಮಳೆ ಅಳೆಯದೆ ಬಿಟ್ಟ ಇನ್ನೊಂದು ದಿನ ನನಗೆ ಸಿಗಲಿಲ್ಲ.

ನನ್ನ ಎರಡು ಪುಟಗಳ ಅಲಂಕಾರದಲ್ಲಿ ಅಪ್ಪ ಎಲ್ಲಿಯೂ ಇರಲಿಲ್ಲ. ಅವರೇ ಬರೆದ ಮೂರು ನಾಲ್ಕು ಮಾತಿನಲ್ಲಿ, ಬರೆಯದೆ ಬಿಟ್ಟ ಒಂದು ಅಂಕಿಯಲ್ಲಿ, ಅವರು ಇಡಿಯಾಗಿ ಇದ್ದರು. ಮನೆಯಲ್ಲಿ ನಿಜವಾದ ರೈಟರು ಯಾರೆಂಬುದು ನನಗೆ ಅಂದು ತಿಳಿಯಿತು.

1999ರ ಜನವರಿಯಲ್ಲಿ ನಾನು ನೂರು ಪುಟದ ಒಂದು ನೋಟುಪುಸ್ತಕ ಕೊಂಡುಕೊಂಡು, ಯಾರಿಗೂ ತೋರಿಸಬಾರದೆಂದು ನಿಶ್ಚಯಿಸಿ, ರಾತ್ರಿಯ ಜಪಸರ ಮುಗಿದ ಮೇಲೆ ದಿನಕ್ಕೆ ಅರ್ಧ ಪುಟ ಬರೆಯಲಾರಂಭಿಸಿದೆ. ಮೊದಲ ಕೆಲವು ತಿಂಗಳು ಅದು ನನಗೆ ನಾಚಿಕೆ ತರಿಸಿತು. ಯಾರೂ ಓದುವುದಿಲ್ಲವೆಂದು ಗೊತ್ತಿದ್ದರೂ ನನ್ನ ಲೇಖನಿ ಯಾರೋ ಎದುರು ಕುಳಿತು ಕೇಳುತ್ತಿರುವಂತೆಯೇ ಭಾಷಣ ಮಾಡುತ್ತಿತ್ತು. ಬೆಳಗಾಯಿತು ಎಂದು ಬರೆಯಬೇಕಾದಲ್ಲಿ ಮೂಡಣದಲ್ಲಿ ದಿನಮಣಿ ಉದಯಿಸುತ್ತಿದ್ದ. ಮನುಷ್ಯ ಒಂಟಿಯಾಗಿದ್ದಾಗಲೂ ಎಷ್ಟು ಸುಳ್ಳು ಹೇಳಬಲ್ಲ ಎಂಬುದೇ ಆ ಪುಸ್ತಕ ನನಗೆ ಕಲಿಸಿದ ಮೊದಲ ಪಾಠ. ಹಿಂದಿನ ದಿನ ಬರೆದದ್ದನ್ನು ಮಾರನೆಯ ದಿನ ಮೆಲುದನಿಯಲ್ಲಿ ಓದಿಕೊಂಡು, ನನ್ನ ಕಿವಿಗೇ ಸುಳ್ಳೆನಿಸಿದ ಪದವನ್ನು ಹೊಡೆದುಹಾಕುವುದನ್ನು ರೂಢಿಸಿಕೊಂಡೆ. ಎಷ್ಟೋ ದಿನ ಅರ್ಧ ಪುಟದಲ್ಲಿ ಎರಡು ಸಾಲು ಮಾತ್ರ ಉಳಿಯುತ್ತಿದ್ದವು. ಆ ಎರಡು ಸಾಲುಗಳನ್ನು ಓದಿದಾಗ ಮಾತ್ರ ನನ್ನ ಧ್ವನಿ ನನಗೆ ಕೇಳಿಸುತ್ತಿತ್ತು.

ಧರ್ಮಸಭೆಯ ಚರಿತ್ರೆಯಲ್ಲಿ ಇಂಥ ಗುಪ್ತ ಪುಸ್ತಕಗಳ ಒಂದು ಸಾಲೇ ಇದೆ. ಜಗದ್ಗುರು ಇಪ್ಪತ್ತಮೂರನೆಯ ಜಾನ್ ಅವರು ಹದಿನಾಲ್ಕನೆಯ ವಯಸ್ಸಿನಲ್ಲಿ, 1895ರಲ್ಲಿ, ಇಟಲಿಯ ಬೆರ್ಗಮೊ ನಗರದ ಗುರುಮಠದ ವಿದ್ಯಾರ್ಥಿಯಾಗಿದ್ದಾಗ ತಮ್ಮ ಆತ್ಮದ ದಿನಚರಿಯನ್ನು ಬರೆಯಲಾರಂಭಿಸಿದರು. ಗುರುವಾದ ಮೇಲೂ, ಧರ್ಮಾಧ್ಯಕ್ಷರಾದ ಮೇಲೂ, ಕೊನೆಗೆ ವಿಶ್ವಗುರುವಿನ ಪೀಠದಲ್ಲಿ ಕುಳಿತ ಮೇಲೂ ಬಿಡಲಿಲ್ಲ. 1963ರಲ್ಲಿ ಅವರು ನಿಧನರಾದ ಮೇಲೆ, 1964ರಲ್ಲಿ ಅದು ಅಚ್ಚಾಯಿತು. ಓದಿದವರಿಗೆ ಅದರಲ್ಲಿ ಎದ್ದು ಕಾಣುವುದು ಅವರ ತಾಳ್ಮೆ. ಹುಡುಗನಾಗಿದ್ದಾಗ ಮಾಡಿದ ಸಂಕಲ್ಪಗಳನ್ನೇ ಅವರು ಮತ್ತೆ ಮತ್ತೆ ಮಾಡುತ್ತಾರೆ. ಸೋತದ್ದನ್ನು ಬರೆದಿಟ್ಟು ಮತ್ತೆ ಆರಂಭಿಸುತ್ತಾರೆ. ಬರವಣಿಗೆಯ ಅಭ್ಯಾಸವೂ ಪ್ರಾರ್ಥನೆಯ ಅಭ್ಯಾಸದಂತೆಯೇ. ಇಂದು ಏನು ದೊರಕಿತೆಂದು ಕೇಳುವಂತಿಲ್ಲ. ಇಂದೂ ಕುಳಿತೆವೇ ಎಂದಷ್ಟೇ ಕೇಳಿಕೊಳ್ಳಬೇಕು.

ಬಾಲ ಯೇಸುವಿನ ಸಂತ ತೆರೇಸಮ್ಮನವರ ಕಥೆ ಇನ್ನೂ ಹತ್ತಿರದ್ದು. ಫ್ರಾನ್ಸಿನ ಲಿಸ್ಯೂ ಪಟ್ಟಣದ ಕಾರ್ಮೆಲ್ ಮಠದಲ್ಲಿ ಆಗ ಮಠಾಧ್ಯಕ್ಷೆಯಾಗಿದ್ದವರು ಅವರ ಸ್ವಂತ ಅಕ್ಕ ಪೌಲಿನ್. ಬಾಲ್ಯದ ನೆನಪುಗಳನ್ನು ಬರೆಯೆಂದು ಅಕ್ಕ ಹೇಳಿದ್ದರಿಂದ, 1895ರಲ್ಲಿ ತೆರೇಸಮ್ಮನವರು ಶಾಲಾ ಮಕ್ಕಳ ಅಗ್ಗದ ನೋಟುಪುಸ್ತಕವೊಂದರಲ್ಲಿ, ಮಠದ ಕೆಲಸ ಮುಗಿದ ಮೇಲೆ ಸಿಕ್ಕ ಬಿಡುವಿನಲ್ಲಿ ಬರೆದರು. 1897ರಲ್ಲಿ ಕ್ಷಯರೋಗದಿಂದ ಬಳಲುತ್ತಿದ್ದಾಗ ಲೇಖನಿ ಹಿಡಿಯಲೂ ಶಕ್ತಿಯಿಲ್ಲದೆ ಕೊನೆಯ ಪುಟಗಳನ್ನು ಪೆನ್ಸಿಲಿನಿಂದ ಬರೆದರು. ಅವರು ತೀರಿಕೊಂಡಾಗ ವಯಸ್ಸು 24. ಮಾರನೆಯ ವರ್ಷ ಆ ಬರಹವನ್ನು ಅಕ್ಕ ಬಹಳಷ್ಟು ತಿದ್ದಿ, ನಯಗೊಳಿಸಿ ಅಚ್ಚುಮಾಡಿಸಿದರು. ತಂಗಿ ಬರೆದದ್ದು ಬರೆದ ಹಾಗೆಯೇ ಲೋಕಕ್ಕೆ ದೊರೆತದ್ದು 1956ರಲ್ಲಿ. ನಯಗೊಳಿಸಿದ ಪುಸ್ತಕವೂ ಅನೇಕರನ್ನು ದೇವರೆಡೆಗೆ ತಂದಿತು, ನಿಜ. ಆದರೂ ತಿದ್ದದ ಆ ಪುಟಗಳನ್ನು ಜನ ಮತ್ತೆ ಹುಡುಕಿಕೊಂಡು ಹೋದರಲ್ಲವೇ? ತಪ್ಪಿದ್ದರೂ ಸರಿ, ತೆರೇಸಮ್ಮನವರದೇ ಧ್ವನಿ ಬೇಕೆಂದು ಬಯಸಿದರು. 1997ರಲ್ಲಿ ಅವರನ್ನು ಧರ್ಮಸಭೆಯ ಪಂಡಿತರೆಂದು ಘೋಷಿಸಲಾಯಿತು. ಅಗ್ಗದ ನೋಟುಪುಸ್ತಕದಲ್ಲಿ ಬಿಡುವಿನ ಹೊತ್ತಿಗೆ ಬರೆದವರು ಅವರು!

ಇಷ್ಟೆಲ್ಲ ತಿಳಿದಿದ್ದರೂ ನನ್ನ ಪುಸ್ತಕದಲ್ಲಿ ಒಂದು ಸುಳ್ಳು ವರ್ಷಗಟ್ಟಲೆ ಉಳಿದುಕೊಂಡಿತು. ಅದು ನನ್ನ ತಮ್ಮನ ವಿಷಯ.

ತಮ್ಮ ಬೆಂಗಳೂರಿನ ಕಾರ್ಖಾನೆಯೊಂದರಲ್ಲಿ ಕೆಲಸದಲ್ಲಿದ್ದ. ಅಪ್ಪ ಮಲಗಿದ್ದ ಎಂಟು ತಿಂಗಳಲ್ಲಿ ಅವನು ಬಂದದ್ದು ಎರಡೇ ಸಲ. ಮಲಮೂತ್ರ ತೆಗೆದವನು ನಾನು, ಔಷಧಿಗೆ ಓಡಾಡಿದವನು ನಾನು. ಅಪ್ಪನ ತಿಂಗಳ ಪೂಜೆಗೆ ಅವನು ಬಂದಿದ್ದಾಗ ಮನೆಯ ಪಾಲಿನ ಮಾತೆತ್ತಿದ. ನಾನು ಎಲ್ಲರೆದುರು ಬಾಯಿಗೆ ಬಂದಂತೆ ಬೈದೆ. ಅವನು ಊಟ ಮಾಡದೆ ಮಧ್ಯಾಹ್ನದ ಬಸ್ಸಿಗೆ ಹೊರಟುಹೋದ. ಆಮೇಲೆ ನಮ್ಮಿಬ್ಬರ ನಡುವೆ ಮಾತಿಲ್ಲ. ಅಮ್ಮನಿಗೆ ಮಾತ್ರ ಆಗೀಗ ಪಕ್ಕದ ಮನೆಯ ದೂರವಾಣಿಗೆ ಅವನ ಕರೆ ಬರುತ್ತಿತ್ತು.

ಈ ಸಂಗತಿಯನ್ನು ನಾನು ನೋಟುಪುಸ್ತಕದಲ್ಲಿ ಎಷ್ಟು ಸಲ ಬರೆದೆನೋ ಲೆಕ್ಕವಿಲ್ಲ. ಪ್ರತಿ ಸಲವೂ ಮೊದಲಿಗಿಂತ ಚೆನ್ನಾಗಿ ಬರೆಯುತ್ತಿದ್ದೆ. ವಾಕ್ಯಗಳು ಚಿಕ್ಕದಾದವು, ಅಲಂಕಾರ ಉದುರಿತು, ವಾದ ಹರಿತವಾಯಿತು. ಅಭ್ಯಾಸದಿಂದ ನನ್ನ ಕೈ ಪಳಗಿತ್ತು. ಆದರೆ ಪಳಗಿದ ಕೈ ಒಳ್ಳೆಯದನ್ನೇ ಮಾಡಬೇಕೆಂದೇನೂ ಇಲ್ಲ. ನಾನು ಒಬ್ಬ ಒಳ್ಳೆಯ ವಕೀಲನಾಗಿದ್ದೆ, ಅಷ್ಟೆ.

2004ರ ತಪಸ್ಸುಕಾಲದಲ್ಲಿ ಒಂದು ಹೊಸ ಅಭ್ಯಾಸಕ್ಕೆ ತೊಡಗಿದೆ. ಲೊಯೋಲದ ಸಂತ ಇಗ್ನೇಷಿಯಸರು 1521ರಲ್ಲಿ ಯುದ್ಧದಲ್ಲಿ ಫಿರಂಗಿಯ ಗುಂಡು ತಗುಲಿ ಕಾಲು ಮುರಿದುಕೊಂಡು ಮನೆಯಲ್ಲಿ ಮಲಗಿದ್ದಾಗ, ಓದಲು ಸಿಕ್ಕ ಕ್ರಿಸ್ತಚರಿತ್ರೆ ಮತ್ತು ಸಂತರ ಚರಿತ್ರೆಗಳಿಂದ ಮನಸ್ಸಿಗೆ ತಟ್ಟಿದ್ದನ್ನು ಒಂದು ಪುಸ್ತಕಕ್ಕೆ ನಕಲು ಮಾಡಿಕೊಂಡರು. ಸುಮಾರು 300 ಹಾಳೆಗಳ ಪುಸ್ತಕವದು. ಯೇಸುಸ್ವಾಮಿಯ ಮಾತುಗಳಿಗೆ ಕೆಂಪು ಶಾಯಿ, ಮಾತೆ ಮರಿಯಮ್ಮನವರ ಮಾತುಗಳಿಗೆ ನೀಲಿ ಶಾಯಿ. ಮುಂದೆ ಯೇಸುಸಭೆಯನ್ನು ಸ್ಥಾಪಿಸಿದವರು ಹೀಗೆ ಶಾಲಾ ಬಾಲಕನಂತೆ ನಕಲು ಮಾಡುವುದರಿಂದ ಆರಂಭಿಸಿದರು. ಶಾಲೆಯಲ್ಲಿ ಮಕ್ಕಳಿಗೆ ಕಾಪಿ ಬರೆಸಿದ್ದ ನಾನು ಸ್ವತಃ ಎಂದೂ ಬರೆದವನಲ್ಲ. ವಿಭೂತಿ ಬುಧವಾರದಿಂದ ಲೂಕನ ಶುಭಸಂದೇಶವನ್ನು ದಿನಕ್ಕೆ ಐದು ವಚನದಂತೆ ಕೈಯಿಂದ ನಕಲು ಮಾಡತೊಡಗಿದೆ.

ಕಣ್ಣು ಓಡುತ್ತದೆ, ಕೈ ನಡೆಯುತ್ತದೆ. ಓದುವಾಗ ದಾಟಿಹೋದದ್ದು ಬರೆಯುವಾಗ ಕಾಲಿಗೆ ತೊಡರುತ್ತದೆ. ಜುಲೈ ತಿಂಗಳ ಮಧ್ಯದಲ್ಲಿ ಹದಿನೈದನೆಯ ಅಧ್ಯಾಯಕ್ಕೆ ಬಂದೆ. ದುಂದುಗಾರ ಮಗನ ಸಾಮತಿಯನ್ನು ನಾನು ನೂರಾರು ಸಲ ಕೇಳಿದ್ದೆ. ಈ ಸಲ ಗಮನಿಸಿದೆ: ತಂದೆಯ ಪ್ರೀತಿ ಅಪಾರ, ಅಗಾಧ ಎಂದು ಯೇಸುಸ್ವಾಮಿ ಎಲ್ಲಿಯೂ ವರ್ಣಿಸುವುದಿಲ್ಲ. ಮಗ ಇನ್ನೂ ದೂರದಲ್ಲಿರುವಾಗಲೇ ತಂದೆ ಕಂಡ, ಓಡಿದ, ತಬ್ಬಿಕೊಂಡ. ಅವನು ಮಾಡಿದ್ದನ್ನು ಹೇಳುತ್ತಾರೆ, ಅಷ್ಟೆ. ವರ್ಷಗಟ್ಟಲೆ ತರಗತಿಯಲ್ಲಿ ಅಲಂಕಾರ ಪಾಠ ಮಾಡಿದವನಿಗೆ ಅದೊಂದು ಪಾಠವಾಯಿತು. ಎರಡು ದಿನ ಕಳೆದು ಹಿರಿಯ ಮಗನ ಭಾಗಕ್ಕೆ ಬಂದಾಗ ಕೈ ನಿಂತುಬಿಟ್ಟಿತು. ಹೊಲದಿಂದ ಬಂದ ಹಿರಿಯವನು ತಂದೆಯ ಬಳಿ ದೂರುವಾಗ ನನ್ನ ತಮ್ಮ ಎನ್ನುವುದಿಲ್ಲ. ನಿನ್ನ ಈ ಮಗ ಎನ್ನುತ್ತಾನೆ. ತಂದೆಯಾದರೋ ಉತ್ತರಿಸುವಾಗ ನಿನ್ನ ತಮ್ಮ ಎಂದೇ ಹೇಳಿ, ಕಳಚಿದ ಕೊಂಡಿಯನ್ನು ಮತ್ತೆ ಜೋಡಿಸುತ್ತಾನೆ.

ನಾನು ಎದ್ದು ಹಳೆಯ ನೋಟುಪುಸ್ತಕಗಳನ್ನು ತೆಗೆದೆ. ಐದೂವರೆ ವರ್ಷಗಳ ಪುಟಗಳಲ್ಲಿ ನನ್ನ ತಮ್ಮನ ಹೆಸರು ಒಂದೇ ಒಂದು ಸಲವೂ ಇರಲಿಲ್ಲ. ಎಲ್ಲ ಕಡೆ ಬರಿಯ 'ಅವನು'. ಅಷ್ಟೇ ಅಲ್ಲ, ಅಷ್ಟು ಪುಟಗಳಲ್ಲಿ ಅವನು ಆಡಿದ ಒಂದು ಮಾತನ್ನೂ ಅವನು ಆಡಿದ ಹಾಗೆ ನಾನು ಬರೆದಿರಲಿಲ್ಲ. ಅವನು ಏನು ಉಟ್ಟಿದ್ದ, ಎಲ್ಲಿ ನಿಂತಿದ್ದ, ಏನು ಮಾಡುತ್ತಿದ್ದ, ಒಂದೂ ಇಲ್ಲ.

ಆಗ ನನಗೆ ನಾನೇ ಒಂದು ಅಭ್ಯಾಸ ಕೊಟ್ಟುಕೊಂಡೆ. ಆ ತಿಂಗಳ ಪೂಜೆಯ ದಿನವನ್ನು ಅಪ್ಪನ ಡೈರಿಯ ಕ್ರಮದಲ್ಲಿ ಬರೆಯಬೇಕು. ಕಣ್ಣು ಕಂಡದ್ದು, ಕಿವಿ ಕೇಳಿದ್ದು ಮಾತ್ರ. ತೀರ್ಪು ಕೂಡದು. ಹೆಸರು ಹಿಡಿದೇ ಬರೆಯಬೇಕು. ಸುಲಭವೆಂದುಕೊಂಡಿದ್ದೆ, ಮೂರು ವಾರ ಹಿಡಿಯಿತು. ಬರೆದು, ಹೊಡೆದು, ಮತ್ತೆ ಬರೆದು ಕೊನೆಗೆ ಉಳಿದದ್ದು ಹತ್ತು ಹನ್ನೆರಡು ಸಾಲು. ತಮ್ಮ ಬೆಳಗಿನ ಮೊದಲ ಬಸ್ಸಿನಿಂದ ಇಳಿದ. ಅಂಗಿ ಹಿಂಬದಿಯಲ್ಲಿ ನೆನೆದಿತ್ತು. ದೇವಾಲಯದಲ್ಲಿ ಕೊನೆಯ ಬೆಂಚಿನಲ್ಲಿ ಕುಳಿತ. ಮನೆಗೆ ಬಂದು ಜಗಲಿಯಲ್ಲಿ ನಿಂತ. ಬಾಗಿಲ ಬಳಿ ಅಪ್ಪನ ರಬ್ಬರ್ ಚಪ್ಪಲಿ ಇತ್ತು. ಜಾರಿ ಬೀಳದಂತೆ ಹಿಮ್ಮಡಿಗೂ ಪಟ್ಟಿ ಇದ್ದ ಆ ಚಪ್ಪಲಿಯನ್ನು, ಹಿಂದಿನ ಸಲ ಬಂದಾಗ ಅವನೇ ತಂದುಕೊಟ್ಟಿದ್ದ. ಅದನ್ನು ಎತ್ತಿ ತಿರುಗಿಸಿ ನೋಡಿದ. ಎಳೆದು ಎಳೆದು ನಡೆದದ್ದರಿಂದ ಬಲಗಾಲಿನ ಅಟ್ಟೆ ಒಂದೇ ಬದಿಗೆ ಸವೆದಿತ್ತು. ಅದನ್ನು ಕೈಯಲ್ಲಿ ಹಿಡಿದುಕೊಂಡೇ ಕೇಳಿದ...

ಏನು ಕೇಳಿದ? 'ಪಾಲು ಕೇಳಿದ' ಎಂದು ನಾನು ನೂರು ಸಲ ಬರೆದಿದ್ದೆ. ಅವನ ಮಾತನ್ನು ಅವನು ಆಡಿದ ಹಾಗೆಯೇ ಬರೆಯಬೇಕೆಂಬ ನಿಯಮಕ್ಕೆ ಕಟ್ಟುಬಿದ್ದು ಕುಳಿತಾಗ ಮಾತ್ರ ಅದು ಕಿವಿಗೆ ಬಂತು. "ಅಣ್ಣಾ, ಇನ್ನು ನಂಗೆ ಇಲ್ಲಿ ಏನಾದ್ರೂ ಉಂಟಾ?"

ಅಷ್ಟೇ. ಪಾಲು ಎಂಬ ಪದ ಅದರಲ್ಲಿರಲಿಲ್ಲ. ಅದನ್ನು ಸೇರಿಸಿದವನು ನಾನು. ಸತ್ತ ತಂದೆಯ ಸವೆದ ಚಪ್ಪಲಿಯನ್ನು ಕೈಯಲ್ಲಿ ಹಿಡಿದವನೊಬ್ಬ ಕೇಳಿದ ಪ್ರಶ್ನೆಗೆ ನಾನು ಎಲ್ಲರೆದುರು ಬೈಗುಳದಿಂದ ಉತ್ತರ ಕೊಟ್ಟಿದ್ದೆ. ಅವನ ಮನಸ್ಸಿನಲ್ಲಿ ಜಮೀನೂ ಇದ್ದಿರಬಹುದು. ಇದ್ದರೆ ತಪ್ಪೇನು? ಆದರೆ ಅವನು ಕೇಳಿದ್ದು ಅದೊಂದನ್ನೇ ಅಲ್ಲವೆಂದು ನನಗೆ ಈಗಲೂ ಅನಿಸುತ್ತದೆ.

ಮರುದಿನ ಅವನಿಗೆ ಕಾಗದ ಬರೆಯಲು ಕುಳಿತೆ. ಮೊದಲು ನಾಲ್ಕು ಪುಟವಾಯಿತು. ಓದಿ ನೋಡಿದರೆ ಮೂರೂವರೆ ಪುಟ ನನ್ನ ಸಮರ್ಥನೆ. ಹೊಡೆದುಹಾಕಿದೆ. ವರ್ಷಗಳಿಂದ ಕಲಿತ ಕೆಲಸ ಅದೊಂದು. ಆಗ ಉಪಯೋಗಕ್ಕೆ ಬಂತು. ಆದರೂ ಧೈರ್ಯ ಬರಲು ಸೆಪ್ಟೆಂಬರ್ ಕಳೆಯಿತು. ಕೊನೆಗೆ ಅಂಚೆಗೆ ಹಾಕಿದ್ದು ಐದು ಸಾಲು. ಹೆಸರು ಹಿಡಿದು ಕರೆದು ಬರೆದೆ: ನೀನು ಆ ದಿನ ಕೇಳಿದ್ದನ್ನು ನಾನು ತಪ್ಪಾಗಿ ಕೇಳಿಸಿಕೊಂಡೆ. ಎಲ್ಲರೆದುರು ಹಾಗೆ ಮಾತಾಡಿದ್ದು ನನ್ನ ತಪ್ಪು. ನೀನು ತಂದ ಚಪ್ಪಲಿ ಇನ್ನೂ ಅದೇ ಜಾಗದಲ್ಲಿದೆ. ಅಮ್ಮ ನಿನ್ನ ದಾರಿ ನೋಡುತ್ತಾಳೆ. ನಾನೂ ನೋಡುತ್ತೇನೆ.

ಉತ್ತರ ಬರಲಿಲ್ಲ. ಒಂದು ತಿಂಗಳು ಕಳೆಯಿತು. ನವೆಂಬರ್ ಎರಡು, ಮೃತರ ಸ್ಮರಣೆಯ ದಿನ. ಸಮಾಧಿಗೆ ಹೂವು, ಮೇಣದಬತ್ತಿ ತೆಗೆದುಕೊಂಡು ನಾನೂ ಅಮ್ಮನೂ ಬೆಳಿಗ್ಗೆ ಹೋದಾಗ ಅಪ್ಪನ ಸಮಾಧಿಯ ಬಳಿ ಯಾರೋ ಕುಳಿತು ಹುಲ್ಲು ಕೀಳುತ್ತಿದ್ದರು. ತಮ್ಮ. ತಲೆಯಲ್ಲಿ ನರೆ ಬಂದಿತ್ತು. ಅಮ್ಮ ಅವನ ಬೆನ್ನ ಮೇಲೆ ಕೈಯಿಟ್ಟಳು. ಅವನು ಎದ್ದು ಮಣ್ಣಿನ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು, "ಕಾಗದ ಬಂತು ಅಣ್ಣಾ" ಎಂದ. ಅಷ್ಟು ಹೇಳಿ ಮತ್ತೆ ಹುಲ್ಲು ಕೀಳಲು ಕುಳಿತ. ನಾನೂ ಪಕ್ಕದಲ್ಲಿ ಕುಳಿತೆ.

ಅಂದಿನಿಂದ ಎಲ್ಲವೂ ಸರಿಹೋಯಿತೆಂದು ಬರೆದರೆ ನಾನು ಮತ್ತೆ ಹಳೆಯ ಚಾಳಿಗೆ ಬಿದ್ದಂತೆ. ಮನೆಯ, ಜಮೀನಿನ ಕಾಗದಪತ್ರ ಸರಿಯಾಗಲು ಮುಂದೆ ಮೂರು ವರ್ಷ ಬೇಕಾಯಿತು. ನಡುವೆ ಬಿರುಸು ಮಾತುಗಳೂ ಬಂದವು. ಆದರೆ ಊಟ ಬಿಟ್ಟು ಯಾರೂ ಬಸ್ಸು ಹತ್ತಲಿಲ್ಲ.

ಆ ವರ್ಷದ ಕ್ರಿಸ್ಮಸ್‌ಗೆ ಮೊದಲು ಅಪ್ಪನ ಬಗ್ಗೆ ಮತ್ತೆ ಎರಡು ಪುಟ ಬರೆದೆ. ಅದರಲ್ಲಿ ಅವರ ಸಿಟ್ಟಿತ್ತು, ಮಳೆಮಾಪಕವಿತ್ತು, ಖಾಲಿ ಬಿಟ್ಟ ಒಂದು ಅಂಕಿಯಿತ್ತು, ಸವೆದ ಚಪ್ಪಲಿಯಿತ್ತು. ಅಮ್ಮನಿಗೆ ಓದಿ ಹೇಳಿದೆ. ಅವಳು ಬಹಳ ಹೊತ್ತು ಸುಮ್ಮನಿದ್ದು, "ಹೂಂ, ಇವರೇ" ಎಂದಳು. ಅಮ್ಮ ಈಗಿಲ್ಲ. ನನಗೆ ದೊರೆತ ಚಪ್ಪಾಳೆಗಳೆಲ್ಲ ಮರೆತುಹೋಗಿವೆ. ಆ ಒಂದು ಮಾತು ಉಳಿದಿದೆ. ಆ ಎರಡು ಪುಟಗಳನ್ನು ನಾನು ಎಲ್ಲಿಯೂ ಅಚ್ಚುಮಾಡಿಸಲಿಲ್ಲ.

ಪ್ರಿಯ ಓದುಗರೇ, ಗುಪ್ತ ಬರವಣಿಗೆಯನ್ನು ಪಾಪನಿವೇದನೆಗೆ ಸಮನೆಂದು ಯಾರೂ ತಿಳಿಯಬಾರದು. ನೋಟುಪುಸ್ತಕ ಕ್ಷಮಿಸುವುದಿಲ್ಲ. ನನ್ನದಂತೂ ಐದು ವರ್ಷ ನನ್ನ ದ್ವೇಷವನ್ನೇ ಸಾಣೆ ಹಿಡಿದುಕೊಟ್ಟಿತು. ಆದರೆ ಸತ್ಯವನ್ನು ಹೇಳಲು ಕೈಯನ್ನು ಪಳಗಿಸುವ ಸ್ಥಳ ಅದು. ಸಭೆಯ ಎದುರು ನಿಂತವನಿಗೆ ಮೆಚ್ಚಿಸುವ ಆಸೆ ಇರುತ್ತದೆ. ಸಂಪಾದಕರಿಗೆ ಬರೆಯುವವನಿಗೆ ಅಚ್ಚಾಗುವ ಆಸೆ ಇರುತ್ತದೆ. ಪ್ರಾರ್ಥಿಸುವಾಗ ಕೋಣೆಗೆ ಹೋಗಿ ಬಾಗಿಲು ಮುಚ್ಚಿಕೊಳ್ಳಲು ಯೇಸುಸ್ವಾಮಿ ಹೇಳಿದ್ದು ಇಂಥ ಆಸೆಗಳನ್ನು ಬಲ್ಲವರಾಗಿಯೇ. ಬರೆಯುವವನಿಗೂ ಅಂಥದೊಂದು ಮುಚ್ಚಿದ ಬಾಗಿಲು ಬೇಕು. ಅಲ್ಲಿ ಕಲಿತದ್ದು ಆಮೇಲೆ ಭಾಷಣಕ್ಕೂ ಬರುತ್ತದೆ, ಲೇಖನಕ್ಕೂ ಬರುತ್ತದೆ, ಐದು ಸಾಲಿನ ಕಾಗದಕ್ಕೂ ಬರುತ್ತದೆ.

ತಂದೆತಾಯಂದಿರಿಗೆ ಒಂದು ಮಾತು. ನಿಮ್ಮ ಮಗನೋ ಮಗಳೋ ಹಾಗೆ ಒಂದು ಪುಸ್ತಕ ಇಟ್ಟುಕೊಂಡಿದ್ದರೆ ದಯವಿಟ್ಟು ತೆರೆಯಬೇಡಿ. ನನ್ನ ಮಗಳು ಎಂಟನೆಯ ತರಗತಿಯಲ್ಲಿದ್ದಾಗ ಅವಳ ಪುಸ್ತಕವನ್ನು ನಾನು ಕಾಳಜಿಯ ನೆಪದಲ್ಲಿ ತೆರೆದು ಓದಿದೆ. ಅದು ಅವಳಿಗೆ ತಿಳಿಯಿತು. ಅವಳು ಏನೂ ಅನ್ನಲಿಲ್ಲ, ಬರೆಯುವುದನ್ನು ನಿಲ್ಲಿಸಿದಳು. ಎಷ್ಟು ಜನರ ಮಕ್ಕಳಿಗೆ ಬರೆಯಲು ಕಲಿಸಿದವನು ಸ್ವಂತ ಮಗಳ ಲೇಖನಿಯನ್ನು ಕೆಳಗಿಡಿಸಿದೆ.

ಯೇಸುಸ್ವಾಮಿ ಸ್ವತಃ ಏನನ್ನಾದರೂ ಬರೆದದ್ದಾಗಿ ಶುಭಸಂದೇಶಗಳಲ್ಲಿ ಕಾಣುವುದು ಒಂದೇ ಪ್ರಸಂಗದಲ್ಲಿ. ಯೊವಾನ್ನನ ಎಂಟನೆಯ ಅಧ್ಯಾಯದಲ್ಲಿ, ಒಬ್ಬ ಹೆಂಗಸನ್ನು ಕಲ್ಲೆಸೆದು ಕೊಲ್ಲಲು ಜನ ಎಳೆತಂದು ನಿಲ್ಲಿಸಿದಾಗ, ಅವರು ಬಾಗಿ ಬೆರಳಿನಿಂದ ನೆಲದ ಮೇಲೆ ಬರೆಯುತ್ತಿದ್ದರು. ಏನು ಬರೆದರೆ ಎಂಬುದನ್ನು ಶುಭಸಂದೇಶ ಹೇಳುವುದಿಲ್ಲ. ಆ ಬರಹ ಅಂದೇ ಕಾಲ ಧೂಳಿನಲ್ಲಿ ಅಳಿಸಿಹೋಗಿರಬೇಕು. ಆದರೆ ತೀರ್ಪು ಕೊಡಲು ಬಂದವರು ಹಿರಿಯರಿಂದ ಮೊದಲುಗೊಂಡು ಒಬ್ಬೊಬ್ಬರಾಗಿ ಹೊರಟುಹೋದರು. ಆ ಹೆಂಗಸು ಬದುಕಿ ಮನೆಗೆ ಹೋದಳು.

ಮುಂದಿನ ಭಾನುವಾರ ಆ ಹುಡುಗಿಗೆಂದು ನೂರು ಪುಟದ ಒಂದು ನೋಟುಪುಸ್ತಕ ಕೊಂಡಿಟ್ಟಿದ್ದೇನೆ. ಅವಳು ಅದರಲ್ಲಿ ಏನು ಬರೆಯುತ್ತಾಳೆಂದು ನಾನು ಎಂದೂ ಕೇಳುವುದಿಲ್ಲ.